ನೆಟ್‌ವರ್ಕ್ ಇಲ್ಲದ ಹೊಲ, ಉಪಗ್ರಹ ಇರುವ ಫೋನು: ನನ್ನ ಅನುಭವ

"ತಮ್ಮಾ, ಇದರಾಗ ಉಪಗ್ರಹ ಅದ ಅಂತಲ್ಲ, ಅದನ್ನ ತೆಗದು ಕೊಡು."

ತೊಗರಿ ರಾಶಿ ಮುಗಿಸಿಕೊಂಡು ಚಿಂಚೋಳಿ ಕಡೆಯಿಂದ ಬಂದಿದ್ದ ಕಾಕಾ, ವಲ್ಲಿಯಲ್ಲಿ ಸುತ್ತಿಕೊಂಡಿದ್ದ ಐಫೋನನ್ನು ನನ್ನ ಕೌಂಟರ್ ಮೇಲೆ ಇಟ್ಟು ಹೇಳಿದ ಮೊದಲ ಮಾತು ಇದು. ಹೋದ ಜನವರಿಯಲ್ಲಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನಾನು ಮೊಬೈಲ್ ರಿಪೇರಿ ಅಂಗಡಿ ಇಟ್ಟು ಹನ್ನೆರಡು ವರ್ಷವಾಯಿತು. ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಸಡಿಲಾದ ಚಾರ್ಜಿಂಗ್ ಪಿನ್ ದಿನಾ ಬರುತ್ತವೆ. ಉಪಗ್ರಹ ತೆಗೆಸಲು ಬಂದವರು ಇವರೇ ಮೊದಲು. ಆ ಫೋನ್ ಹಿಡಿದುಕೊಂಡು ಮೂರು ದಿನ ನಾನು ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಇಂಥ ಫೋನು ಈಗ ನಮ್ಮ ಕಡೆಯ ಎಷ್ಟೋ ಮನೆಗೆ ಬರುತ್ತಿವೆ.

ಫೋನು ಕಳಿಸಿದವನು ಡಲ್ಲಾಸ್‌ನಲ್ಲಿ ಕೆಲಸಕ್ಕಿರುವ ಮಗ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು 15ಕ್ಕೆ ಸಿಮ್ ಟ್ರೇ ಇರುವುದಿಲ್ಲ, ಫೋನಿನೊಳಗೇ ಇರುವ ಇ-ಸಿಮ್ ಒಂದೇ ದಾರಿ. ಅದನ್ನು ಮಾಡಿಸಲೆಂದೇ ಕಾಕಾ ಬಂದದ್ದು. ಆದರೆ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ. 2025ರ ಡಿಸೆಂಬರ್ 24ರಂದು ಇಸ್ರೋದ ಎಲ್‌ವಿಎಂ3 ರಾಕೆಟ್ ಶ್ರೀಹರಿಕೋಟಾದಿಂದ ಅಮೆರಿಕದ ಕಂಪನಿಯೊಂದರ ಬ್ಲೂಬರ್ಡ್ ಉಪಗ್ರಹ ಹೊತ್ತು ಹೋದದ್ದನ್ನು ಅವರು ಟಿವಿಯಲ್ಲಿ ನೋಡಿದ್ದರು. ಸುಮಾರು 6,100 ಕೆಜಿ ತೂಕದ್ದು, ಟವರ್ ಇಲ್ಲದಿದ್ದರೂ ಸಾದಾ ಫೋನಿಗೇ ನೇರ ಸಿಗ್ನಲ್ ಕೊಡಲೆಂದು ಮಾಡಿದ್ದು.

"ನಿನ್ನ ಫೋನಿನಾಗೂ ಉಪಗ್ರಹ ಅದ ಅಪ್ಪಾ, ಇನ್ನ ನೀ ಎಲ್ಲಿದ್ರೂ ನನಗ ಕಾಣ್ತದ ಅಂದ ಮಗ," ಎಂದರು ಕಾಕಾ. "ನಮ್ಮ ಹೊಲದಾಗ ಟವರ್ ಸಿಗಂಗಿಲ್ಲ ತಮ್ಮಾ. ಅದಕ್ಕೇ ನಾ ಅಲ್ಲಿ ಹೋಗಿ ಬೇವಿನ ಗಿಡದ ಕೆಳಗ ಕೂಡ್ತೀನಿ. ಎಲ್ಲಿದ್ದಿ, ಏನ್ ಮಾಡ್ಲತ್ತಿ ಅಂತ ಯಾರೂ ಕೇಳಂಗಿಲ್ಲ. ಅದೊಂದು ಜಾಗಾನೂ ಹೋಯ್ತೇನು?"

ಈ ಮಾತು ನನ್ನನ್ನು ಬಹಳ ಹೊತ್ತು ಬಿಡಲಿಲ್ಲ. ನೆಟ್‌ವರ್ಕ್ ಇಲ್ಲದ ಜಾಗ ಎಂದರೆ ತೊಂದರೆಯ ಜಾಗ ಎಂದೇ ನಾನು ತಿಳಿದಿದ್ದೆ. ಅದು ಒಬ್ಬ ಮನುಷ್ಯನಿಗೆ ತನ್ನ ಪಾಡಿಗೆ ತಾನಿರುವ ಜಾಗವೂ ಆಗಿರಬಹುದು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ.

ಮೊದಲು ಅಂಗಡಿಯ ಮಾಳಿಗೆ ಮೇಲೆ ಕರೆದುಕೊಂಡು ಹೋದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ಬಂದ್ ಮಾಡಿ, ಕಂಪಾಸ್ ಆಪ್ ತೆಗೆದೆ. ಸ್ವಲ್ಪ ಹೊತ್ತಿಗೆ ಕೆಳಗೆ ಅಂಕಿ ಬಂದವು: 17 ಡಿಗ್ರಿ 20 ನಿಮಿಷ ಉತ್ತರ, 76 ಡಿಗ್ರಿ 50 ನಿಮಿಷ ಪೂರ್ವ. ಕಾಕಾ ಗಾಬರಿಯಾದರು. "ನೋಡು, ಎಲ್ಲಾ ಬಂದ್ ಮಾಡಿದ್ರೂ ಅದಕ್ಕ ಗೊತ್ತಾಗ್ಯಾದ."

"ಕಾಕಾ, ಫೋನಿಗೆ ಗೊತ್ತಾಗ್ಯಾದರಿ, ಉಪಗ್ರಹಕ್ಕಲ್ಲ," ಎಂದೆ. ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಮೇಲಿನಿಂದ ತಮ್ಮ ಸಮಯವನ್ನೂ ತಾವಿರುವ ಜಾಗವನ್ನೂ ಕೂಗಿ ಹೇಳುತ್ತಲೇ ಇರುತ್ತವೆ. ಫೋನು ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆಂದು ಲೆಕ್ಕ ಹಾಕಿಕೊಳ್ಳುತ್ತದೆ, ಅಷ್ಟೇ. ನೀವು ಮನೆಯಲ್ಲಿ ಕೂತು ಕಲಬುರಗಿ ಆಕಾಶವಾಣಿ ಕೇಳಿದರೆ ನೀವು ಕೇಳುತ್ತಿದ್ದೀರಿ ಎಂದು ಸ್ಟೇಷನ್ನಿನವರಿಗೆ ತಿಳಿಯುತ್ತದೆಯೇ? ಇದೂ ಹಾಗೇ. ಈ ಹೋಲಿಕೆ ಅವರಿಗೆ ಕೂಡಲೇ ಹಿಡಿಸಿತು.

ಮಗ ಹೇಳಿದ ಉಪಗ್ರಹದ ಸಂಗತಿ ಇದಲ್ಲ. ಅದರಲ್ಲಿ ಫೋನು ಕೇಳುವುದಷ್ಟೇ ಅಲ್ಲ, ಮಾತೂ ಆಡುತ್ತದೆ. ಆಪಲ್ 2022ರ ನವೆಂಬರ್‌ನಲ್ಲಿ ಅಮೆರಿಕ, ಕೆನಡಾಗಳಲ್ಲಿ ತುರ್ತು ಎಸ್‌ಒಎಸ್ ಸೇವೆ ಶುರು ಮಾಡಿತು. ಟವರ್ ಇಲ್ಲದ ಕಡೆ ಫೋನನ್ನು ಆಕಾಶಕ್ಕೆ ಹಿಡಿದರೆ ಗ್ಲೋಬಲ್‌ಸ್ಟಾರ್ ಉಪಗ್ರಹದ ಮೂಲಕ ಸಂದೇಶ ಹೋಗುತ್ತದೆ. ಬಯಲಲ್ಲಿ 15 ಸೆಕೆಂಡು, ಗಿಡದ ನೆರಳಲ್ಲಿ ಒಂದು ನಿಮಿಷಕ್ಕೂ ಹೆಚ್ಚು. ಆ ಸೇವೆ ಭಾರತದಲ್ಲಿ ಇಲ್ಲ. ಹಾಗಾಗಿ ಕಾಕಾನ ಹೊಲದಲ್ಲಿ ಆ ಫೋನು ಯಾವ ಉಪಗ್ರಹಕ್ಕೂ ಏನನ್ನೂ ಹೇಳುವುದಿಲ್ಲ. ಆದರೆ ಕಾಕಾ ಏಪ್ರಿಲ್‌ನಲ್ಲಿ ಮಗನ ಮನೆಗೆ ಹೊರಟವರು. ಅಲ್ಲಿ ಅದು ಕೆಲಸ ಮಾಡುತ್ತದೆ. ಆದ್ದರಿಂದ ಏನು ಹೋಗುತ್ತದೆ, ಯಾರ ಕೈಗೆ ಹೋಗುತ್ತದೆ ಅನ್ನುವುದನ್ನು ಪೂರ್ತಿ ಓದಿಕೊಂಡೇ ಅವರಿಗೆ ಹೇಳಬೇಕೆಂದು ಆ ರಾತ್ರಿ ಕೂತೆ.

ಓದಿ ತಿಳಿದದ್ದು ಇಷ್ಟು. ಎಸ್‌ಒಎಸ್ ಒತ್ತಿದಾಗ ನೀವಿರುವ ಜಾಗ, ಎಷ್ಟು ಎತ್ತರದಲ್ಲಿದ್ದೀರಿ, ಬ್ಯಾಟರಿ ಎಷ್ಟಿದೆ, ಮೆಡಿಕಲ್ ಐಡಿಯಲ್ಲಿ ಬರೆದಿಟ್ಟ ಕಾಯಿಲೆ, ಮನೆಯವರ ನಂಬರು ಎಲ್ಲವೂ ಹೋಗುತ್ತವೆ. ದಾರಿಯಲ್ಲಿ ಬೀಗ ಹಾಕಿರುತ್ತದೆ, ಆದರೆ ಆಪಲ್ ಅದನ್ನು ಬಿಚ್ಚಿಯೇ ತುರ್ತು ಸೇವೆಯವರಿಗೆ ದಾಟಿಸಬೇಕು. ಬಿಚ್ಚದಿದ್ದರೆ ಸಹಾಯಕ್ಕೆ ಬರುವವರು ಓದುವುದಾದರೂ ಹೇಗೆ? ಇದು ನನಗೆ ತಪ್ಪೆನಿಸುವುದಿಲ್ಲ. ಇನ್ನು 2024ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಒಎಸ್ 18ರಿಂದ ಅಮೆರಿಕದಲ್ಲಿ ಸಾಮಾನ್ಯ ಸಂದೇಶವನ್ನೂ ಉಪಗ್ರಹದ ಮೇಲೆ ಕಳಿಸಬಹುದು. ಆಪಲ್ ಫೋನುಗಳ ನಡುವೆ ಹೋಗುವ ಐಮೆಸೇಜ್ ಆದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲರು. ಎಸ್‌ಎಂಎಸ್ ಆದರೆ ಆ ರಕ್ಷಣೆ ಇಲ್ಲ. ನೋಡಲು ಎರಡೂ ಒಂದೇ ಥರದ ಗುಳ್ಳೆ, ಐಮೆಸೇಜ್ ನೀಲಿ, ಎಸ್‌ಎಂಎಸ್ ಹಸಿರು. ಆ ಬಣ್ಣ ನೋಡುವುದನ್ನು ಕಾಕಾನಿಗೆ ಕಲಿಸಿದೆ. ಜಾಗ ತಿಳಿಸುವ ಫೈಂಡ್ ಮೈ ಕೂಡ ಉಪಗ್ರಹದ ಮೇಲೆ ತಾನಾಗಿ ನಡೆಯುವುದಿಲ್ಲ. ನಾವೇ ಒತ್ತಬೇಕು, ಅದೂ 15 ನಿಮಿಷಕ್ಕೆ ಒಂದೇ ಸಲ ಆಗುತ್ತದೆ. ಮಗ ಹೇಳಿದಂತೆ ಸದಾ ಕಾಣುವುದಿಲ್ಲ.

ಬ್ಲೂಬರ್ಡ್‌ನಂಥವು ನಮ್ಮಲ್ಲಿ ಬಂದಾಗ ಲೆಕ್ಕ ಬೇರೆಯಾಗುತ್ತದೆ. ಅವು ಆಕಾಶದಲ್ಲಿ ನಿಂತ ಟವರ್ ಇದ್ದಂತೆ. ಟವರಿಗೆ ನಿಮ್ಮ ಸಿಮ್, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ, ಸಮಯ ಹೇಗೆ ತಿಳಿಯುತ್ತದೋ ಅವುಗಳ ಹಿಂದಿನ ಕಂಪನಿಗೂ ಹಾಗೇ ತಿಳಿಯುತ್ತದೆ. ಅದನ್ನು ಯಾರು ಕೇಳಬಹುದು ಅನ್ನುವುದೂ ನಮ್ಮ ದೇಶದಲ್ಲಿ ಬರೆದಿಟ್ಟಾಗಿದೆ. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ಇಲಾಖೆ ಉಪಗ್ರಹ ಸೇವೆಯ ಕಂಪನಿಗಳಿಗೆ ಭದ್ರತಾ ಷರತ್ತು ಹಾಕಿತು. ಗ್ರಾಹಕರ ಉಪಕರಣ ಎಲ್ಲಿದೆ ಎಂದು ತನಿಖಾ ಸಂಸ್ಥೆ ಕೇಳಿದರೆ ಕೊಡಬೇಕು, ದತ್ತಾಂಶ ದೇಶದೊಳಗೇ ಇರಬೇಕು. 2008ರ ಮುಂಬೈ ದಾಳಿಯಲ್ಲಿ ಸ್ಯಾಟಲೈಟ್ ಫೋನ್ ಬಳಕೆಯಾದದ್ದನ್ನು ಯಾರೂ ಮರೆತಿಲ್ಲ, ಸರಕಾರದ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಯಾವ ಅಧಿಕಾರಿ, ಯಾವ ಕಾರಣಕ್ಕೆ, ಎಷ್ಟು ದಿನದ ವಿವರ ಕೇಳಿದ ಅನ್ನುವುದು ಕೊನೆಗಾದರೂ ಆ ಗ್ರಾಹಕನಿಗೆ ತಿಳಿಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಗಲ್ಫ್‌ನಿಂದ ಬರುವವರು ಕೆಲವೊಮ್ಮೆ ತುರಾಯಾದಂಥ ಸ್ಯಾಟಲೈಟ್ ಫೋನ್ ಮಾರಲು ತರುತ್ತಾರೆ. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ನಮ್ಮಲ್ಲಿ ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಸ್ಯಾಟಲೈಟ್ ಸಂದೇಶದ ಚಿಕ್ಕ ಉಪಕರಣ ಇಟ್ಟುಕೊಂಡಿದ್ದ ವಿದೇಶಿ ಓಟಗಾರ್ತಿಯನ್ನೇ ತಡೆದಿದ್ದರು. ನಾನು ಅಂಥದ್ದನ್ನು ಅಂಗಡಿಯೊಳಗೆ ಇಳಿಸಿಕೊಳ್ಳುವುದಿಲ್ಲ. ಐಫೋನಿಗೆ ಈ ತೊಡಕಿಲ್ಲ.

ಎರಡನೆಯ ದಿನ ಕಾಕಾನ ಫೋನಿನ ಸೆಟ್ಟಿಂಗ್ಸ್ ತೆಗೆದಾಗ ನಿಜವಾದ ಸಮಸ್ಯೆ ಸಿಕ್ಕಿತು. ಮೇಲೆ ಇದ್ದದ್ದು ಮಗನ ಹೆಸರು. ಇಡೀ ಫೋನು ಮಗನ ಆಪಲ್ ಅಕೌಂಟ್‌ನಲ್ಲೇ ನಡೆಯುತ್ತಿತ್ತು. ಕಾಕಾ ತೆಗೆದ ಪ್ರತಿ ಫೋಟೊ ಇಂಟರ್ನೆಟ್ ಮೇಲಿರುವ ಮಗನ ಆಪಲ್ ಸಂಗ್ರಹಕ್ಕೆ, ಅಂದರೆ ಐಕ್ಲೌಡ್‌ಗೆ ಹೋಗುತ್ತಿತ್ತು, ಅಲ್ಲಿಂದ ಡಲ್ಲಾಸ್‌ನ ಮನೆಯ ಐಪ್ಯಾಡಿಗೂ. ಗ್ಯಾಲರಿಯಲ್ಲಿ ರಾಶಿಯ ಫೋಟೊಗಳ ನಡುವೆ ಪಹಣಿ ಇತ್ತು, ಬ್ಯಾಂಕ್ ಪಾಸ್‌ಬುಕ್ ಇತ್ತು, ಡಾಕ್ಟರ ಚೀಟಿಯೂ ಇತ್ತು. ಚೀಟಿ ಕಂಡ ಕೂಡಲೇ ಕಾಕಾ ಸ್ಕ್ರೀನ್ ಮೇಲೆ ಅಂಗೈ ಇಟ್ಟರು. ಇನ್ಸುಲಿನ್ ಶುರುವಾದದ್ದನ್ನು ಮಗನಿಗೆ ಅವರು ಹೇಳಿರಲಿಲ್ಲ.

ಉಪಗ್ರಹದ ಭಯದಲ್ಲಿ ಬಂದವರ ಗುಟ್ಟು ಸಾದಾ ವೈಫೈ ಮೇಲೆ ತಿಂಗಳಿಂದ ಹೋಗುತ್ತಿತ್ತು. ಮಗ ಕದ್ದು ನೋಡಿದ್ದಾನೆ ಎಂದು ನಾನು ಹೇಳುವುದಿಲ್ಲ. ಅವನಿಗೂ ಇದು ಹೊಳೆದಿರಲಿಕ್ಕಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆದು ವಿಡಿಯೋ ಕಾಲ್ ಹಚ್ಚಿದೆವು. ಅಲ್ಲಿ ಹಿಂದಿನ ರಾತ್ರಿ ಎಂಟೂವರೆ. ಮಗನದೂ ಒಂದು ನೋವಿತ್ತು. ಎರಡು ವರ್ಷದ ಹಿಂದೆ ಅಪ್ಪ ಹೊಲದಲ್ಲಿ ಕಾಲು ಜಾರಿ ಬಿದ್ದು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಬಿದ್ದಿದ್ದರಂತೆ. "ಅಣ್ಣಾರ, ಅಪ್ಪಗ ಎಂಥ ಪ್ರೈವಸಿ ಬೇಕ್ರಿ? ನನಗ ಅವ ಜ್ವಾಕಿ ಇದ್ರ ಸಾಕು," ಎಂದ.

ಅವನಿಗೆ ನಾನು ಪುಟ್ಟಸ್ವಾಮಿ ಅವರ ಪ್ರಕರಣ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟದ್ದು ಯಾರ ಅರ್ಜಿಯ ಮೇಲೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ವಯಸ್ಸಾದವರಿಗೆ ಈ ಹಕ್ಕು ಬೇಡ ಎನ್ನುವುದು ಹೇಗೆ? ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಪಾಸ್‌ವರ್ಡ್ ಹೇಳಿದ.

ಅಲ್ಲಿಂದ ಮುಂದಿನದು ಕೈಕೆಲಸ. ಮೊದಲು ಕಾಕಾನ ಫೋಟೊಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಮಗನ ಅಕೌಂಟಿನಿಂದ ಸೈನ್ ಔಟ್ ಮಾಡಿ, ಕಾಕಾನ ಹೆಸರಲ್ಲಿ, ಕಾಕಾನ ನಂಬರಿನ ಮೇಲೆ ಹೊಸ ಅಕೌಂಟ್ ತೆರೆದೆ. ಪಾಸ್‌ವರ್ಡ್ ಒತ್ತುವಾಗ ನಾನು ಬೆನ್ನು ತಿರುಗಿಸಿ ನಿಂತೆ. ಫೋಟೊಗಳನ್ನು ಫೋನಿಗೆ ವಾಪಸ್ ಹಾಕಿ ಲ್ಯಾಪ್‌ಟಾಪ್‌ನಿಂದ ಅವರ ಕಣ್ಣೆದುರಿಗೇ ಅಳಿಸಿದೆ. ಆ ಕಡೆ ಉಳಿದ ಪಹಣಿ, ಪಾಸ್‌ಬುಕ್, ಚೀಟಿಗಳನ್ನು ಅಳಿಸಲು ಮಗ ಒಪ್ಪಿದ. ಕ್ಯಾಮೆರಾಗೆ ಲೊಕೇಶನ್ ಬಂದ್. ಫೈಂಡ್ ಮೈ ಇರಲಿ ಎಂದೆ, ಫೋನು ಕಳೆದರೆ ಬೇಕಾಗುತ್ತದೆ. ಆದರೆ ತಾನಿರುವ ಜಾಗವನ್ನು ಇನ್ನೊಬ್ಬರಿಗೆ ಸದಾ ತೋರಿಸುವ ಶೇರಿಂಗ್ ಬಂದ್ ಮಾಡಿದೆ. ಬೇಕಾದಾಗ ಒಂದು ಗಂಟೆ ಮಟ್ಟಿಗೆ ಹೇಗೆ ಹಚ್ಚುವುದು ಎಂದು ಕಾಕಾ ನಾಲ್ಕು ಸಲ ಮಾಡಿ ಕಲಿತರು.

ಮಗನ ಚಿಂತೆಗೆ ದಾರಿ ಕಾಕಾನೇ ಹೇಳಿದರು. ಹೊಲದ ಮೇಲಿನ ಒಡ್ಡಿನ ಮೇಲೆ ಎರಡು ಕಡ್ಡಿ ಸಿಗ್ನಲ್ ಹಿಡಿಯುತ್ತದಂತೆ. ಬುತ್ತಿ ಉಣ್ಣುವ ಹೊತ್ತಿಗೆ ಅಲ್ಲಿಗೆ ಹತ್ತಿ ತಂಗಿಯ ಮನೆಗೆ ಒಂದು ಮಿಸ್ಡ್ ಕಾಲ್. ಒಂದು ಗಂಟೆಯೊಳಗೆ ಬರದಿದ್ದರೆ ಅಳಿಯ ಗಾಡಿ ತೆಗೆದುಕೊಂಡು ಹೊಲಕ್ಕೆ ಹೋಗುವುದು. ಅಲ್ಲಿ ನಡೆಯದ ಉಪಗ್ರಹಕ್ಕಿಂತ ಇದು ಗಟ್ಟಿ ವ್ಯವಸ್ಥೆ ಎಂದು ಮಗನೂ ಒಪ್ಪಿಕೊಂಡ.

ಉಳಿದದ್ದು ಮೆಡಿಕಲ್ ಐಡಿ. ಅಮೆರಿಕದಲ್ಲಿ ಎಸ್‌ಒಎಸ್ ಒತ್ತುವ ಹೊತ್ತು ಬಂದರೆ ಇನ್ಸುಲಿನ್ ವಿಷಯ ಅಲ್ಲಿ ಬರೆದಿರುವುದು ಒಳ್ಳೆಯದು. ಆದರೆ ಲಾಕ್ ಬಿಚ್ಚದೆಯೂ ಅದು ಕಾಣುತ್ತದೆ, ಫೋನು ಎತ್ತಿಕೊಂಡ ಸೊಸೆಗೂ ಮೊಮ್ಮಗನಿಗೂ. ಇದನ್ನು ಮುಚ್ಚಿಡದೆ ಹೇಳಿದೆ. ಕಾಕಾ ವಲ್ಲಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಈಗ ಬರೀಬ್ಯಾಡ ತಮ್ಮಾ. ಮೊದಲ ನಾನೇ ಮಗಗ ಹೇಳ್ತೀನಿ."

ಹತ್ತು ದಿನ ಬಿಟ್ಟು ಬಂದರು. "ಬರಿ," ಅಂದರು. ಬರೆದುಕೊಟ್ಟೆ.