ಚಪಾತಿ ಬಿಟ್ರೆ ಸಾಲದು, ಗಿರಣಿ ನೋಡಿ, ಹಿಂಗಿನ ಡಬ್ಬಿ ನೋಡಿ

ನನ್ನ ಮಗಳಿಗೆ ಸೀಲಿಯಾಕ್, ಅಂದ್ರೆ ಗೋಧಿಯಂಥದ್ದು ತಿಂದ್ರೆ ಕರುಳು ಕೆಡೋ ಕಾಯಿಲೆ, ಅಂತ ಗೊತ್ತಾದ ಮೇಲೆ ನಮ್ಮ ದಾವಣಗೆರೆಯಲ್ಲೇ ಇನ್ನೂ ನಾಲ್ಕೈದು ಮನೆಯವರು ಪರಿಚಯ ಆದ್ರು, ಎಲ್ಲರದ್ದೂ ಒಂದೇ ಗೋಳು. ಚಪಾತಿ ಬಿಟ್ವಿ, ಬ್ರೆಡ್ ಬಿಟ್ವಿ, ಉಪ್ಪಿಟ್ಟು ಬಿಟ್ವಿ, ಜೋಳದ ರೊಟ್ಟಿ ಶುರು ಮಾಡಿದ್ವಿ, ಆದ್ರೂ ಹೊಟ್ಟೆ ಉಬ್ಬರ ನಿಂತಿಲ್ಲ, ಹಿಮೋಗ್ಲೋಬಿನ್ ಏರಿಲ್ಲ. ನಮ್ಮ ಮನೇಲೂ ಎಂಟು ತಿಂಗಳು ಹಾಗೇ ಆಯ್ತು. ತಟ್ಟೇಲಿ ಗೋಧಿ ಕಾಣ್ತಿರ್ಲಿಲ್ಲ, ಆದ್ರೆ ಹಿಟ್ಟಲ್ಲಿತ್ತು, ಒಗ್ಗರಣೇಲಿತ್ತು. ಅದಕ್ಕೇ ಇದನ್ನ ಬರೀತಿರೋದು, ಇನ್ನೊಂದು ಮಗು ಎಂಟು ತಿಂಗಳು ಸುಮ್ನೆ ನರಳೋದು ಬೇಡ.

ಮೊದಲನೇದು, ಟೆಸ್ಟ್ ಮಾಡಿಸೋ ತನಕ ಗೋಧಿ ಬಿಡಬೇಡಿ. ಟಿಟಿಜಿ ಅಂತ ರಕ್ತದ ಟೆಸ್ಟ್ ಇದೆ, ಆಮೇಲೆ ಬೇಕಾದ್ರೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡ್ತಾರೆ. ಯಾರೋ ಹೇಳಿದ್ರು ಅಂತ ಎರಡು ತಿಂಗಳು ಗೋಧಿ ಬಿಟ್ಟು ಹೋದ್ರೆ ರೋಗ ಇದ್ರೂ ರಿಪೋರ್ಟ್ ನಾರ್ಮಲ್ ಬರಬಹುದು.

ಎರಡನೇದು, ಯಾವುದು ಬೇಡ, ಯಾವುದು ಬೇಕು. ಗೋಧಿ, ಬಾರ್ಲಿ, ರೈ (ಗೋಧಿ ಥರದ್ದೇ ಒಂದು ಧಾನ್ಯ, ಸಾಸಿವೆ ಅಲ್ಲ) ಈ ಮೂರು ಬೇಡ. ಗೋಧಿ ಅಂದ್ರೆ ಮೈದಾ, ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಶಾವಿಗೆ, ಗೋಧಿ ನುಚ್ಚು ಎಲ್ಲ ಬಂತು. ಕಪ್ಲಿ ಗೋಧಿ, ಜವಾರಿ ಗೋಧಿ ಆದ್ರೆ ಏನೂ ಆಗಲ್ಲ ಅಂತ ಹೇಳೋರನ್ನ ನಂಬಲೇಬೇಡಿ, ಅದೂ ಗೋಧಿನೇ. ಹೋಳಿಗೆಗೆ ಕಣಕ ನಾದುವಾಗ ಎಳೆದಷ್ಟೂ ಬರುತ್ತಲ್ಲ, ಆ ಜಿಗಿನೇ ಗ್ಲುಟೆನ್. ಸೀಲಿಯಾಕ್ ಇರೋರ ಮೈ ಆ ಗ್ಲುಟೆನ್ ಕಂಡ್ರೆ ತನ್ನ ಕರುಳಿನ ಮೇಲೇ ತಿರುಗಿ ಬೀಳುತ್ತೆ, ಒಳಪದರದಲ್ಲಿ ಮಖಮಲ್ ಬಟ್ಟೆ ಥರ ಇರೋ ಸಣ್ಣ ಸಣ್ಣ ಎಳೆಗಳು ಸವೆದು ಚಪ್ಪಟೆ ಆಗ್ತವೆ, ತಿಂದಿದ್ದು ಮೈಗೆ ಹತ್ತಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ಮೆಕ್ಕೆಜೋಳ, ನವಣೆ, ಸಾಮೆ, ಹಾರಕ, ಬೇಳೆಕಾಳು, ಶೇಂಗಾ, ಹಾಲು, ಮೊಟ್ಟೆ, ಮಾಂಸ, ತರಕಾರಿ ಎಲ್ಲ ತಿನ್ನಬಹುದು. ಹೊಸದುರ್ಗದ ಸಾಮೆ, ಚಳ್ಳಕೆರೆ ಶೇಂಗಾ, ರಾಗಿ ಮುದ್ದೆ ಇರೋ ನಮ್ಮ ಸೀಮೇಲಿ ಊಟಕ್ಕೆ ಏನೂ ಕೊರತೆ ಇಲ್ಲ. ಹಾಲು ಮಾತ್ರ ಶುರುವಿನ ದಿನಗಳಲ್ಲಿ ಕೆಲವರಿಗೆ ಒಗ್ಗಲ್ಲ, ಕರುಳು ಸುಧಾರಿಸಿದ ಮೇಲೆ ಸಾಮಾನ್ಯವಾಗಿ ಸರಿಹೋಗುತ್ತೆ.

ಇದೆಲ್ಲ ಈಗಿನ ಕಾಲದ ರೋಗ ಅಂತ ನಮ್ಮತ್ತೆ ಅಂತಿದ್ರು. ಅಲ್ಲ. 1944–45ರಲ್ಲಿ ಹಾಲೆಂಡಿನಲ್ಲಿ ಯುದ್ಧದಿಂದ ಊಟಕ್ಕೇ ಬರ ಬಿದ್ದು ಬ್ರೆಡ್ಡೇ ಸಿಗದಾಗ ಈ ಕಾಯಿಲೆ ಮಕ್ಕಳು ಚೇತರಿಸಿಕೊಂಡ್ರು, ಬ್ರೆಡ್ ವಾಪಸ್ ಬಂದ ಮೇಲೆ ಮತ್ತೆ ಮಲಗಿದ್ರು, ಅಲ್ಲಿನ ಡಿಕ್ಕೆ ಅನ್ನೋ ಮಕ್ಕಳ ಡಾಕ್ಟರಿಗೆ ಗೋಧಿ ಮೇಲೆ ಮೊದಲೇ ಇದ್ದ ಅನುಮಾನ ಆಗ ಗಟ್ಟಿ ಆಯ್ತು. ಇದನ್ನ ಹೇಳಿದ ಮೇಲೆ ಅತ್ತೆ ಒಪ್ಕೊಂಡ್ರು.

ಈಗ ಮೂರನೇದು, ಗಿರಣಿ. ಎಲ್ಲರೂ ಎಡವೋದು ಇಲ್ಲೇ, ದಯವಿಟ್ಟು ನಿಧಾನಕ್ಕೆ ಓದಿ.

ಜೋಳ ಶುದ್ಧ, ರಾಗಿ ಶುದ್ಧ, ಒಪ್ಕೊಳ್ಳೋಣ. ಅದನ್ನ ಬೀಸಿಸೋಕೆ ಎಲ್ಲಿಗೆ ಒಯ್ತೀರಿ? ಓಣಿ ಗಿರಣಿಗೆ. ಅಲ್ಲಿ ನಿಮ್ಮ ಮುಂದಿನವರು ಐದು ಕೆಜಿ ಗೋಧಿ ಬೀಸಿಸಿರ್ತಾರೆ. ನಾನು ಒಂದಿನ ಅಲ್ಲೇ ನಿಂತು ನೋಡಿದೆ. ಗಿರಣಿಯವರು ಪಾಪ ಒಳ್ಳೆಯವರು, "ಅಕ್ಕಾರೆ, ಕಲ್ಲು ಒರೆಸೇ ಹಾಕ್ತೀನಿ ಬಿಡ್ರಿ" ಅಂದ್ರು, ಒರೆಸಿದ್ರು ಕೂಡ. ಆದ್ರೆ ಹಿಟ್ಟು ಬೀಳೋ ಬಾಯಿಗೆ ಉದ್ದಕ್ಕೆ ಒಂದು ಬಟ್ಟೆ ಕಟ್ಟಿರ್ತಾರಲ್ಲ, ಅದನ್ನ ಕೈಯಲ್ಲಿ ಎರಡು ಸಲ ತಟ್ಟಿದ ತಕ್ಷಣ ಒಳಗಿಂದ ಒಂದು ಹಿಡಿಯಷ್ಟು ಗೋಧಿ ಹಿಟ್ಟು ದಬದಬ ಅಂತ ನನ್ನ ಜೋಳದ ಡಬ್ಬಿಗೇ ಬಿತ್ತು. ಮೇಲೆ ಕಲ್ಲು ಖಾಲಿ ಓಡಬಾರದು ಅಂತ ಒಬ್ಬರ ಕಾಳು ಮುಗಿಯೋಕೆ ಮುಂಚೆನೇ ಇನ್ನೊಬ್ಬರದ್ದು ಸುರೀತಾರೆ, ಅಲ್ಲೂ ಬೆರಕೆ. ಎಂಟು ತಿಂಗಳು ನಾನು ಮಗಳಿಗೆ ಹಾಕಿದ್ದು ಆ ಹಿಟ್ಟಿನ ರೊಟ್ಟಿನೇ.

ಅಷ್ಟು ಚೂರಿಗೆ ಏನಾಗುತ್ತೆ ಅನ್ನೋರಿಗೆ ಲೆಕ್ಕ ಹೇಳ್ತೀನಿ. ದಿನಕ್ಕೆ 10 ಮಿಲಿಗ್ರಾಂ ಒಳಗೆ ಗ್ಲುಟೆನ್ ಹೋದ್ರೆ ಹೆಚ್ಚಿನವರಿಗೆ ತೊಂದ್ರೆ ಆಗಲ್ಲ ಅಂತಾರೆ, 50 ಮಿಲಿಗ್ರಾಂ ದಿನಾ ಹೋದ್ರೆ ಮೂರೇ ತಿಂಗಳಲ್ಲಿ ಕರುಳಿಗೆ ಪೆಟ್ಟು ಬೀಳೋದು ಕಂಡಿದೆ. ಗೋಧಿ ಹಿಟ್ಟಲ್ಲಿ ನೂರಕ್ಕೆ ಹತ್ತರಷ್ಟು ಗ್ಲುಟೆನ್ ಅಂತ ಹಿಡಿದ್ರೂ 50 ಮಿಲಿಗ್ರಾಂ ಅಂದ್ರೆ ಬರೀ ಅರ್ಧ ಗ್ರಾಂ ಹಿಟ್ಟು. ಎರಡು ಬೆರಳಲ್ಲಿ ಹಿಡಿಯೋ ಚಿಟಿಕೆ ಅಷ್ಟೇ. ಪ್ಯಾಕೆಟ್ ಮೇಲೆ ಗ್ಲುಟೆನ್ ಫ್ರೀ ಅಂತ ಹಾಕ್ಬೇಕಾದ್ರೂ ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚಿರಬಾರದು ಅಂತ ನಮ್ಮ ದೇಶದ ರೂಲ್ಸೇ ಇದೆ.

ಹಾಗಾದ್ರೆ ಏನ್ ಮಾಡ್ಬೇಕು? ನನ್ನ ಮಾತು ಕೇಳೋದಾದ್ರೆ ಮೊದಲ ಮೂರು ತಿಂಗಳು ಒಣ ಹಿಟ್ಟಿನ ಸಹವಾಸನೇ ಬೇಡ. ಅನ್ನ, ಸಾಮೆ ಅನ್ನ, ನವಣೆ ಬಿಸಿಬೇಳೆಬಾತ್, ಮನೇಲೇ ನೆನೆಸಿ ರುಬ್ಬಿದ ಇಡ್ಲಿ ದೋಸೆ, ರಾಗಿ ನೆನೆಸಿ ಮಿಕ್ಸಿಗೆ ಹಾಕಿ ಹಾಲು ಹಿಂಡಿ ಮಾಡಿದ ಗಂಜಿ, ಇಷ್ಟರಲ್ಲೇ ದಿನ ತಳ್ಳಬಹುದು. ಆಮೇಲೆ ಕೈಲಾದ್ರೆ ಮನೆಗೆ ಸಣ್ಣ ಗಿರಣಿ ತಗೊಳ್ಳಿ, ನಾವು ಸುಮಾರು 15 ಸಾವಿರ ಕೊಟ್ವಿ, ಮೂರು ಕಂತಲ್ಲಿ. ಹೊಸದೇ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡ, ಅದರೊಳಗೆ ಯಾರ ಮನೆ ಗೋಧಿ ಕೂತಿದೆಯೋ. ಅಷ್ಟು ಆಗಲ್ಲ ಅಂದ್ರೆ ಎರಡು ದಿನಕ್ಕೆ ಬೇಕಾದಷ್ಟು ರಾಗಿನೋ ಅಕ್ಕಿನೋ ಮಿಕ್ಸಿಯಲ್ಲಿ ಪುಡಿ ಮಾಡಿ ಹೊಸ ಸಾಣಿಗೆಯಲ್ಲಿ ಜರಡಿ ಹಿಡಿಯಿರಿ. ಹಳೇ ಸಾಣಿಗೆಯನ್ನ ಎಷ್ಟೇ ತೊಳೆದ್ರೂ ಅಂಚಿನ ಮಡಿಕೆಯಲ್ಲಿ ಹಿಟ್ಟು ಕಚ್ಕೊಂಡೇ ಇರುತ್ತೆ. ಓಣಿ ಗಿರಣಿಯಲ್ಲೇ ಮೊದಲ ಒಂದೆರಡು ಕೆಜಿ ನಮ್ದೇ ಜೋಳ ಓಡಿಸಿ ಅದನ್ನ ಎಮ್ಮೆಗೆ ಹಾಕಿ ಉಳಿದಿದ್ದು ನಾವು ಬಳಸ್ತೀವಿ ಅಂತ ಕೆಲವರು ಉಪಾಯ ಹೇಳ್ತಾರೆ, ನಾನು ಒಪ್ಪಲ್ಲ, ಎಷ್ಟು ಕೆಜಿಗೆ ಗಿರಣಿ ಸ್ವಚ್ಛ ಆಯ್ತು ಅಂತ ಕಣ್ಣಲ್ಲಿ ಹೇಳೋಕಾಗಲ್ಲ.

ಬೀಸೋಕೆ ಮುಂಚೆ ಕಾಳು ಆರಿಸಬೇಕು. ಗೋಧಿ ತುಂಬಿದ್ದ ಚೀಲದಲ್ಲೇ ಜೋಳ ತುಂಬಿರ್ತಾರೆ. ರಾಗಿ, ಸಾಮೆ, ನವಣೆ ಆದ್ರೆ ಸುಲಭ, ಕಾಳು ಸಣ್ಣದು, ಜರಡಿ ಹಿಡಿದ್ರೆ ಗೋಧಿ ಮೇಲೇ ನಿಲ್ಲುತ್ತೆ. ಜೋಳಕ್ಕೆ ಮಾತ್ರ ಕಣ್ಣೇ ಬೇಕು. ಮೊರದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಹಿಡಿದು ನೋಡಿ, ಜೋಳ ಗುಂಡಗೆ ಬೆಳ್ಳಗೆ, ಗೋಧಿ ಉದ್ದಕ್ಕೆ, ಹೊಟ್ಟೆ ಮೇಲೆ ಗೀರು ಎಳೆದ ಹಾಗೆ ಒಂದು ಸೀಳು. ಹೋದ ವಾರ ಎರಡು ಕೆಜಿ ಜೋಳದಲ್ಲಿ ನನಗೆ ಹನ್ನೊಂದು ಕಾಳು ಸಿಕ್ತು. ಆರಿಸಿ, ತೊಳೆದು, ಮಾಳಿಗೆ ಮೇಲೆ ಒಗೆದ ಬಟ್ಟೆ ಹಾಸಿ ಒಣಗಿಸಿ. ರೊಟ್ಟಿ ಹರಿಯುತ್ತೆ ಅಂತ ಗೋಧಿ ಹಿಟ್ಟು ಒಂದು ಹಿಡಿ ಸೇರಿಸೋ ಅಭ್ಯಾಸ ತುಂಬಾ ಮನೆಗಳಲ್ಲಿದೆ, ಖಾನಾವಳಿಗಳಲ್ಲೂ ಇದೆ, ಎಸರು ಚೆನ್ನಾಗಿ ಕುದಿಸಿ ಹಾಕಿ ಬಿಸಿ ಇದ್ದಾಗ್ಲೇ ನಾದಿದ್ರೆ ಅದು ಬೇಕಾಗಲ್ಲ.

ನಾಲ್ಕನೇದು ಹಿಂಗು. ಅಸಲಿ ಹಿಂಗು ತುಂಬಾ ಘಾಟು, ಅದಕ್ಕೇ ಅಂಗಡೀಲಿ ಸಿಗೋ ಡಬ್ಬಿಗಳಲ್ಲಿ ಹಿಟ್ಟು, ಗೋಂದು ಬೆರೆಸಿರ್ತಾರೆ, ಎಷ್ಟೋ ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿದು ಅಥವಾ ಮೈದಾ. ಡಬ್ಬಿ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿರುತ್ತೆ, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಸಾರು, ಉಪ್ಪಿನಕಾಯಿ, ಸಾಂಬಾರ್ ಪುಡಿ, ಉದ್ದಿನ ಹಪ್ಪಳ, ಎಲ್ಲಕ್ಕೂ ಹಿಂಗು ಬೀಳುತ್ತಲ್ಲ, ಒಂದು ಡಬ್ಬಿ ಇಡೀ ಅಡುಗೆ ಕೆಡಿಸುತ್ತೆ. ಅಕ್ಕಿ ಹಿಟ್ಟು ಬೆರೆಸಿದ್ದು ಅಂತ ಸ್ಪಷ್ಟ ಬರೆದಿರೋದು ಸಿಕ್ರೆ ತಗೊಳ್ಳಿ, ಇಲ್ಲ ಅಂದ್ರೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ. ನಾನು ಬೆಳ್ಳುಳ್ಳಿಗೇ ಬದಲಾದೆ, ಸಾರು ಇನ್ನೂ ರುಚಿ.

ಲೇಬಲ್ ವಿಷಯ ಬಂತಲ್ಲ, ರಾಗಿ ಬಿಸ್ಕೆಟ್, ನವಣೆ ನೂಡಲ್ಸ್, ರಾಗಿ ಶಾವಿಗೆ, ಮಲ್ಟಿಗ್ರೇನ್ ಹಿಟ್ಟು ಅಂತ ಮುಂದೆ ದೊಡ್ಡದಾಗಿ ಹಾಕಿರೋದನ್ನ ನೋಡಿ ಮೋಸ ಹೋಗಬೇಡಿ. ಹಿಂದೆ ತಿರುಗಿಸಿ, ಹೆಚ್ಚಿನವುಗಳಲ್ಲಿ ಮೊದಲ ಹೆಸರೇ ಗೋಧಿ ಅಥವಾ ಮೈದಾ ಇರುತ್ತೆ, ಮೊದಲು ಬರೆದಿರೋದೇ ಜಾಸ್ತಿ ಹಾಕಿರೋದು. ಮಕ್ಕಳಿಗೆ ಶಕ್ತಿ ಬರಲಿ ಅಂತ ಹಾಲಿಗೆ ಹಾಕೋ ಮಾಲ್ಟ್ ಪುಡಿಗಳಲ್ಲೂ ಹೆಚ್ಚಾಗಿ ಬಾರ್ಲಿ, ಗೋಧಿ ಇರ್ತವೆ. ಮನೇಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಬೇರೆ, ಅದು ಆಗುತ್ತೆ.

ಅಡುಗೆಮನೆ: ಲಟ್ಟಣಿಗೆ, ಮಣೆ, ಮರದ ಸೌಟು, ಸಾಣಿಗೆ, ರೊಟ್ಟಿ ಹಂಚು ಹೊಸದು. ಪೂರಿ ಕರಿದ ಎಣ್ಣೇಲಿ ಹಪ್ಪಳ ಕರೀಬೇಡಿ. ಸಾಧ್ಯ ಆದ್ರೆ ಮನೆಯೊಳಗೆ ಗೋಧಿನೇ ತರಬೇಡಿ, ಎರಡೆರಡು ಪಾತ್ರೆ ನಡೆಯೋ ಮಾತಲ್ಲ.

ಇನ್ನು ಹೊರಗಿನ ತಿಂಡಿ. ದಾವಣಗೆರೇಲಿದ್ದು ಬೆಣ್ಣೆ ದೋಸೆ ತಿನ್ಬೇಡ ಅಂತ ಮಗುಗೆ ಹೇಳೋದು ಎಷ್ಟು ಸಂಕಟ ಅಂತ ನನಗೆ ಗೊತ್ತು. ದೋಸೆ ಹಿಟ್ಟಿಗೆ ಬೀಳೋದು ಅಕ್ಕಿ, ಉದ್ದು, ಮಂಡಕ್ಕಿ, ಆದ್ರೆ ಕೆಲವು ಕಡೆ ಸ್ವಲ್ಪ ಮೈದಾ ಸೇರಿಸ್ತಾರೆ, ಅದೇ ಹಂಚಲ್ಲಿ ರವೆ ದೋಸೆನೂ ಹುಯ್ತಾರೆ. ಕೇಳಿ, ಸರಿಯಾಗಿ ಹೇಳದಿದ್ರೆ ಎದ್ದು ಬನ್ನಿ. ನಾನು ಮನೇಲೇ ಮಾಡ್ತೀನಿ, ಮೂರು ಲೋಟ ದೋಸೆ ಅಕ್ಕಿ, ಮುಕ್ಕಾಲು ಲೋಟ ಉದ್ದಿನಬೇಳೆ, ಎರಡು ಲೋಟ ಮಂಡಕ್ಕಿ, ಒಂದು ಚಮಚ ಮೆಂತ್ಯ, ಬೆಣ್ಣೆ ಕೈಬಿಚ್ಚಿ ಹಾಕಿ. ಮಂಡಕ್ಕಿ ಅಕ್ಕಿದೇ, ಭಯ ಇಲ್ಲ, ಜೊತೆಗೆ ಕೊಡೋ ಮೆಣಸಿನಕಾಯಿ ಬಜ್ಜಿ ಬೇಡ, ಅದೇ ಬಾಣಲೇಲಿ ಸಮೋಸನೂ ಕರಿದಿರ್ತಾರೆ. ಸತ್ಯನಾರಾಯಣ ಪೂಜೆ ಪ್ರಸಾದ ರವೆದು. "ದೇವರ ಪ್ರಸಾದ, ಒಂದ್ ಚೂರು ತಿಂದ್ರೆ ಏನಾಗ್ತೈತೆ" ಅಂತ ಕೈಗೆ ಹಾಕೋಕೆ ಬರ್ತಾರೆ, ಮಗಳೇ ಈಗ "ಬಾಳೆಹಣ್ಣು ಕೊಡ್ರಿ ಅಜ್ಜಿ" ಅಂತ ಕೈ ಚಾಚ್ತಾಳೆ. ಮದುವೆ ಮನೇಲಿ ಪಂಕ್ತಿಗೆ ಕೂರಿಸಬೇಡಿ, ಶಾವಿಗೆ ಪಾಯಸದ ಸೌಟೇ ಸಾರಿಗೂ ಬರುತ್ತೆ, ಡಬ್ಬಿ ಕಟ್ಕೊಂಡು ಹೋಗಿ. ಮಾತ್ರೆ ಟಾನಿಕ್ ಕೊಳ್ಳುವಾಗಲೂ ಗೋಧಿ ಪಿಷ್ಟ ಇದೆಯಾ ಅಂತ ಮೆಡಿಕಲ್ ಶಾಪಲ್ಲಿ ವಿಚಾರಿಸಿ.

ಗಿರಣಿ, ಹಿಂಗು ಎರಡೂ ಬದಲಾದ ಆರು ತಿಂಗಳಿಗೆ ಮಗಳ ಟಿಟಿಜಿ ಅರ್ಧಕ್ಕಿಂತ ಕೆಳಗೆ ಬಂತು, ಹಿಮೋಗ್ಲೋಬಿನ್ 8ರಿಂದ 11 ದಾಟಿತು. ಟೆಸ್ಟ್ ಡಾಕ್ಟ್ರು ಹೇಳಿದ ಹೊತ್ತಿಗೆ ತಪ್ಪದೆ ಮಾಡಿಸಿ, ಕಬ್ಬಿಣಾಂಶ, ವಿಟಮಿನ್ ಡಿ ಕೂಡ ನೋಡಿಸಿ. ಒಡಹುಟ್ಟಿದವರಿಗೂ ಅಪ್ಪ ಅಮ್ಮನಿಗೂ ಮಾಡಿಸಬೇಕು, ಇದು ರಕ್ತಸಂಬಂಧದಲ್ಲಿ ಬರುತ್ತೆ. ನಮ್ಮ ಚಿಕ್ಕವನದ್ದು ಈ ಸಲ ನಾರ್ಮಲ್ ಬಂತು, ಎರಡು ವರ್ಷ ಬಿಟ್ಟು ಮತ್ತೊಮ್ಮೆ ನೋಡೋಣ ಅಂದಿದಾರೆ, ಅಲ್ಲೀತನಕ ಅವನು ಗೋಧಿ ತಿಂತಾ ಇರಬೇಕಲ್ಲ, ಮನೇಲಿ ಒಂದು ಕಾಳೂ ಇಲ್ಲ, ಹಾಗಾಗಿ ವಾರಕ್ಕೆ ನಾಲ್ಕು ದಿನ ಎದುರುಮನೆ ದೊಡ್ಡಮ್ಮನ ಹತ್ರ ಚಪಾತಿ ತಿಂದು, ಅಲ್ಲೇ ನಲ್ಲೀಲಿ ಕೈ ಬಾಯಿ ತೊಳ್ಕೊಂಡು ಒಳಗೆ ಬರ್ತಾನೆ.