ಮೊಟ್ಟೆ ಟ್ರೇಯಲ್ಲಿ ಕಲಿಸಿದ ಲೆಕ್ಕ: ಘಾನಾದ ಮಿಷನ್ ಶಾಲೆಯಲ್ಲಿ ನನ್ನ ನಾಲ್ಕು ವರ್ಷ

2017ರಲ್ಲಿ ಘಾನಾದಲ್ಲಿ ನನ್ನ ಮೊದಲ ಬ್ಯಾಚಿನ ಬಿ.ಇ.ಸಿ.ಇ. ಫಲಿತಾಂಶ ಬಂತು. ಅಲ್ಲಿ ಜೂನಿಯರ್ ಹೈಸ್ಕೂಲ್ ಮುಗಿಸುವಾಗ ಬರೆಯುವ ಪಬ್ಲಿಕ್ ಪರೀಕ್ಷೆ ಅದು, ಒಂದನೇ ಗ್ರೇಡ್ ಎಲ್ಲಕ್ಕಿಂತ ಮೇಲಿನದು. 54 ಮಕ್ಕಳಲ್ಲಿ ಗಣಿತದಲ್ಲಿ ಐದನೇ ಗ್ರೇಡಿನೊಳಗೆ ಬಂದವರು 30ಕ್ಕಿಂತ ಜಾಸ್ತಿ. ಹಿಂದಿನ ವರ್ಷಗಳಲ್ಲಿ ಅದು ಹತ್ತು ದಾಟುತ್ತಿರಲಿಲ್ಲ. 'ತರಗತಿಯಲ್ಲಿ ಆಟ ಆಡಿಸುವುದನ್ನು ನಿಲ್ಲಿಸಿ' ಎಂದಿದ್ದ ಹಿರಿಯರೇ ಬಂದು ಕೈ ಕುಲುಕಿದರು. ಈಗ ನಮ್ಮ ಚರ್ಚಿನ ಸಭೆಯಿಂದ ಇನ್ನಿಬ್ಬರು ಶಿಕ್ಷಕರು ಇಂಥದೇ ಸೇವೆಗೆ ಹೊರಟಿದ್ದಾರೆ. ಅವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ನಾನು ಮಂಗಳೂರಿನವನು. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಅಕ್ಷರ ಕಲಿತವರು. ಆ ಮಿಷನ್ ನಮ್ಮೂರಿಗೆ ಬಂದದ್ದು 1834ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1828ರಲ್ಲಿ, ಅವರು ಘಾನಾದ ಕರಾವಳಿಗೆ ಹೋಗಿದ್ದರು. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಜ್ವರಕ್ಕೆ ತೀರಿಕೊಂಡರು. ಆಮೇಲೆ ಒಳನಾಡಿನ ಅಕ್ವಾಪೆಮ್ ಗುಡ್ಡ ಹತ್ತಿ ಅಕ್ರೊಪಾಂಗ್‌ನಲ್ಲಿ ನೆಲೆ ನಿಂತರು. ಅದೇ ಗುಡ್ಡಸಾಲಿನ ಒಂದು ಶಾಲೆಗೆ 2014ರ ಸೆಪ್ಟೆಂಬರಿನಲ್ಲಿ ಗಣಿತ ಕಲಿಸಲು ಹೋದೆ. ನಮ್ಮ ಮನೆಗೆ ಸಿಕ್ಕಿದ್ದನ್ನು ಬೇರೆ ಯಾರಿಗಾದರೂ ಕೊಡಬೇಕು ಎಂಬ ಆಸೆ, ಅಷ್ಟೇ. ಅಲ್ಲಿನ ಜನ ನಮಗಿಂತ ಗಟ್ಟಿ ಕ್ರೈಸ್ತರು. ಅವರಿಗೆ ಬೇಕಿದ್ದದ್ದು ಗಣಿತದ ಮಾಸ್ತರು.

ಮೊದಲು ದುಡ್ಡಿನ ಮಾತು. ಕೆಲವು ಸಭೆಗಳು ಸೇರಿ ತಿಂಗಳಿಗೆ 25 ಸಾವಿರ ರೂಪಾಯಿ ಕೊಡುತ್ತೇವೆ ಎಂದಿದ್ದವು. ನಾಲ್ಕನೇ ತಿಂಗಳಿಂದ ಕೈಗೆ ಬಂದದ್ದು 14-15 ಸಾವಿರ. ಅಲ್ಲಿನ ನಾಣ್ಯ ಸೇಡಿ, ಆಗ ಒಂದು ಸೇಡಿಗೆ ಸುಮಾರು 16-17 ರೂಪಾಯಿ. ಶಾಲೆ ಮನೆ ಕೊಟ್ಟಿತ್ತು, ಹಾಗಾಗಿ ಬದುಕಿದೆ. ಹೊರಡುವವರು ಕನಿಷ್ಠ ಆರು ತಿಂಗಳ ಖರ್ಚು ಮೊದಲೇ ಬ್ಯಾಂಕಿನಲ್ಲಿ ಇಟ್ಟು ಹೋಗಿ. ಭರವಸೆ ಕೊಟ್ಟವರು ಒಳ್ಳೆಯವರೇ, ಆದರೆ ಅವರಿಗೂ ಮಕ್ಕಳ ಫೀಸು, ಮನೆ ಸಾಲ ಇರುತ್ತದೆ ಅಲ್ವಾ.

ಮೊದಲ ಟರ್ಮ್ ಪೂರ್ತಿ ಸೋತೆ. ಮಂಗಳೂರಿನಲ್ಲಿ ಹನ್ನೊಂದು ವರ್ಷ ಕಲಿಸಿದ ರೀತಿಯಲ್ಲೇ, ಪೂರ್ತಿ ಇಂಗ್ಲಿಷಿನಲ್ಲಿ ಕಲಿಸಿದೆ. ಮಕ್ಕಳು ಶಿಸ್ತಾಗಿ ಕೂತು, 'ಯೆಸ್ ಸರ್' ಎಂದು, ಬೋರ್ಡಿನಲ್ಲಿದ್ದದ್ದನ್ನು ಅಂದವಾಗಿ ಬರೆದುಕೊಂಡರು. ಟರ್ಮ್ ಕೊನೆಗೆ ಅರ್ಧದಷ್ಟು ಅಂಕ ದಾಟಿದವರು ಒಂಬತ್ತು ಜನ. ಆಗ ಕರೆಂಟು ಪದೇಪದೇ ಹೋಗುತ್ತಿತ್ತು. ಅಲ್ಲಿಯವರು ಅದಕ್ಕೆ 'ಡುಮ್ಸೊರ್' ಎನ್ನುತ್ತಾರೆ, ಆರಿಸು-ಹೊತ್ತಿಸು ಎಂದು ಅರ್ಥ. ರಾತ್ರಿ ಓದಿಗೆ ದೀಪ ಇಲ್ಲದ್ದೇ ಕಾರಣ ಎಂದುಕೊಂಡು ಚಾರ್ಜ್ ಆಗುವ ದೀಪಗಳಿಗೆ 400 ಸೇಡಿ ಸುರಿದೆ. ಎರಡೇ ತಿಂಗಳಲ್ಲಿ ಬ್ಯಾಟರಿ ಸತ್ತವು. ಅಂಕ ಹಾಗೇ ಇತ್ತು.

ದಾರಿ ಸಿಕ್ಕಿದ್ದು ಕ್ರಿಸ್ಮಸ್ ರಜೆಯಲ್ಲಿ. ಒಂದು ಸಂಜೆ ಮಾವಿನ ಮರದ ಕೆಳಗೆ ಇಬ್ಬರು ಹುಡುಗರು ಮರದ ಮಣೆ ಇಟ್ಟು ಆಡುತ್ತಿದ್ದರು. ಎರಡು ಸಾಲು, ಗುಳಿಗಳು, ಬೀಜಗಳು. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗುವ ಆಟ. ನಮ್ಮ ಚೆನ್ನೆಮಣೆ! ಅಲ್ಲಿ ಅದರ ಹೆಸರು ಒವಾರೆ. ನಮ್ಮದರಲ್ಲಿ ಸಾಲಿಗೆ ಏಳು ಗುಳಿ, ಅವರದರಲ್ಲಿ ಆರು. ಬೀಜ ಮಾತ್ರ ನಮ್ಮ ಗಜ್ಜುಗವೇ. ಆ ಇಬ್ಬರೂ ನನ್ನ ತರಗತಿಯಲ್ಲಿ ಸೊನ್ನೆ ತೆಗೆದವರು. ಆದರೆ ಗುಳಿ ನೋಡಿದ ಕೂಡಲೇ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಹೇಳುತ್ತಿದ್ದರು. ಎಣಿಸುತ್ತಿದ್ದದ್ದು ಅವರ ಮನೆಮಾತು ಟ್ವಿ ಭಾಷೆಯಲ್ಲಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಿಟ್ಟೆಲರು ಕನ್ನಡ ನಿಘಂಟು ತಂದದ್ದು 1894ರಲ್ಲಿ. ಅದೇ ಮಿಷನ್ನಿನ ಕ್ರಿಸ್ಟಾಲರ್ ಟ್ವಿ ನಿಘಂಟು ತಂದದ್ದು 1881ರಲ್ಲಿ. ಆ ಜನ ಮೊದಲು ಊರಿನ ಮಾತು ಕಲಿತರು. ನಾನು ನಾಲ್ಕು ತಿಂಗಳಲ್ಲಿ 'ಅಕ್ವಾಬಾ', ಅಂದರೆ ಸ್ವಾಗತ, ಎಂಬ ಒಂದು ಮಾತು ದಾಟಿರಲಿಲ್ಲ.

ಮರುದಿನದಿಂದ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕೂತು ಅಂಕಿ ಕಲಿತೆ. ಹನ್ನೊಂದಕ್ಕೆ ಅವರು ಡು-ಬಾಕೊ ಎನ್ನುತ್ತಾರೆ, ಹತ್ತು-ಒಂದು. ನಮ್ಮ ಹನ್ನೊಂದು ಕೂಡ ಹಾಗೇ ಅಲ್ವಾ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್‌ನಲ್ಲಿ ಆ ಹತ್ತು ಕಾಣುವುದಿಲ್ಲ. ನಿಧಾನ ಕಲಿಯುವ ಮಕ್ಕಳು ಎಡವುತ್ತಿದ್ದದ್ದು ಅಲ್ಲೇ.

ಮಣೆಗೆ ಬಡಗಿ ಒಂದಕ್ಕೆ 60 ಸೇಡಿ ಕೇಳಿದ. ನಾಲ್ಕು ಮಾಡಿಸಿದೆ. ಎರಡನ್ನು ಸಂಜೆ ಆಡಲು ಯಾರೋ ಒಯ್ದರು, ಹಿಂದೆ ಬರಲಿಲ್ಲ. ಮೊಟ್ಟೆ ಟ್ರೇ ಹೊಳೆದದ್ದು ಆಮೇಲೆ. 30 ಮೊಟ್ಟೆಯ ಟ್ರೇ ಅಂದರೆ ಐದು ಸಾಲು, ಸಾಲಿಗೆ ಆರು ಗುಳಿ. ಎರಡು ಸಾಲು ಕತ್ತರಿಸಿದರೆ ಒಂದು ಒವಾರೆ ಮಣೆ. ಎರಡು ಟ್ರೇಗೆ ಐದು ಮಣೆ. 54 ಮಕ್ಕಳಿಗೆ 27 ಮಣೆ, ಅಂದರೆ 11 ಟ್ರೇ. ಮೊಟ್ಟೆ ಮಾರುವ ಅಮ್ಮ ಸುಮ್ನೆ ಕೊಟ್ಟರು. ಮಣೆಗೆ 48ರಂತೆ ಬೀಜ ಮಾತ್ರ ಸುಮಾರು 1300 ಬೇಕು. ಜೋಳ ತಂದೆ, ಹುಳ ಹಿಡಿಯಿತು. ಜಲ್ಲಿ ತಂದೆ, ಟ್ರೇ ಹರಿಯಿತು. ಕೊನೆಗೆ ಗುಲ್‌ಮೊಹರ್ ಬೀಜ ಒದಗಿತು. ಒಂದು ಶನಿವಾರ ಮಕ್ಕಳೇ ಎರಡು ಬಕೆಟ್ ತುಂಬ ತಂದರು.

ವಿಧಾನ ಹೀಗೆ. ಬೀಜ ಮುಟ್ಟುವ ಮೊದಲು, ಕೊನೆಯದು ಯಾವ ಗುಳಿಗೆ ಬೀಳುತ್ತದೆ ಎಂದು ಬರೆಯಬೇಕು. ತಪ್ಪಾದರೆ ಆ ಸರದಿ ಹೋಯಿತು. ಆಟ ಮುಗಿದ ಮೇಲೆ ಗೆದ್ದ ಬೀಜವನ್ನು 48ರ ಭಾಗವಾಗಿ ಬರೆಯಬೇಕು, ಆಮೇಲೆ ಸಂಕ್ಷೇಪಿಸಬೇಕು. 18 ಗೆದ್ದರೆ ಎಂಟರಲ್ಲಿ ಮೂರು. ಮಾತು ಟ್ವಿಯಲ್ಲಿ, ಬರಹ ಇಂಗ್ಲಿಷಿನಲ್ಲಿ. ಭಿನ್ನರಾಶಿಗೆ 48 ಹೇಳಿ ಮಾಡಿಸಿದ ಸಂಖ್ಯೆ. ನಮ್ಮ ಚೆನ್ನೆಯ 56 ಬೀಜದಲ್ಲೂ ಮಾಡಿ ನೋಡಿದೆ, ಮೂರರಲ್ಲಿ ಒಂದು ಭಾಗ ಬರುವುದೇ ಇಲ್ಲ. ಬಿಟ್ಟೆ. ಶುಕ್ರವಾರದ ಆಟಕ್ಕೆ ಹಿಂದುಳಿದ ಮಗುವನ್ನು ಯಾರ ಎದುರು ಕೂರಿಸಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಹೊರಡುವವರು ಮನೆಗೆ ಬಂದರೆ ಹೇಳಿಕೊಡುತ್ತೇನೆ.

ವಿರೋಧ ಬಂತು. ಇಂಗ್ಲಿಷ್ ಕಲಿಯಲು ಕಳಿಸಿದ್ದೇವೆ, ಒವಾರೆ ಮನೆಯಲ್ಲೇ ಇದೆ ಎಂದು ತಂದೆತಾಯಿ ಬಂದರು. ಒಬ್ಬ ಹಿರಿಯರು ಇದು ಜೂಜಿಗೆ ದಾರಿ ಎಂದರು. ನಮ್ಮ ಊರಿಂದ ಬಂದ ಒಂದು ಪತ್ರದಲ್ಲಂತೂ 'ಸುವಾರ್ತೆಗೆ ಹೋದವರು ಆಟ ಆಡಿಸುವುದೇ?' ಎಂದಿತ್ತು. ಅದು ನೋವಾಯಿತು. ಪ್ರತಿದಿನ ಪ್ರಾರ್ಥನೆಯಿಂದಲೇ ತರಗತಿ ಶುರು ಮಾಡುತ್ತಿದ್ದೆ. ಮಗುವಿಗೆ ಅರ್ಥ ಆಗುವಂತೆ ಕಲಿಸುವುದೂ ಸೇವೆಯೇ ಎಂದು ಉತ್ತರ ಬರೆದೆ.

ಎರಡನೇ ವರ್ಷ ಇನ್ನೊಂದು ಪ್ರಯೋಗ ಮಾಡಿದೆ. ಒಂದು ಗುಳಿಯಲ್ಲಿ 12 ಅಥವಾ ಜಾಸ್ತಿ ಬೀಜ ಸೇರಿದರೆ, ಸುತ್ತು ಬಂದಾಗ ಹೊರಟ ಗುಳಿಯನ್ನು ದಾಟಿ ಹೋಗಬೇಕು. ಹಾಗಾಗಿ ಒಂದು ಸುತ್ತಿಗೆ 11 ಬೀಜ. 11ರಿಂದ ಭಾಗಿಸಿ ಶೇಷ ನೋಡಿದರೆ ಸಾಕು ಎಂದು ಒಬ್ಬ ಹುಡುಗಿ ತಾನೇ ಕಂಡುಹಿಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಶಿಕ್ಷಕ ಬದುಕಿನ ದೊಡ್ಡ ದಿನ ಅದು.

ಊಟದ ಬಗ್ಗೆಯೂ ಒಂದು ಮಾತು. ಅಲ್ಲಿ 'ಕೊಂಟೊಮಿರೆ' ಎಂಬ ಕೆಸುವಿನ ಜಾತಿಯ ಎಲೆ ಸಿಗುತ್ತದೆ. ಆ ಗಿಡವನ್ನು 1843ರಲ್ಲಿ ಮಿಷನ್ ಜೊತೆ ವೆಸ್ಟ್ ಇಂಡೀಸಿನಿಂದ ಬಂದ ಕುಟುಂಬಗಳು ತಂದವಂತೆ. ಅದರಲ್ಲಿ ಪತ್ರೊಡೆ ಮಾಡಿದೆ. ಹುಣಸೆ ಜಾಸ್ತಿ ಹಾಕಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಸ್ಟಾಫ್ ರೂಮಿನಲ್ಲಿ ಹತ್ತೇ ನಿಮಿಷದಲ್ಲಿ ಖಾಲಿಯಾಯಿತು.

2018ರಲ್ಲಿ ವಾಪಸ್ ಬಂದೆ. ಈಗ ಆ ತರಗತಿಯನ್ನು ಅಲ್ಲಿಯ ಊರಿನವರೇ ಆದ ಒಬ್ಬ ಮೇಡಂ ನಡೆಸುತ್ತಿದ್ದಾರೆ. ಮಳೆಗೆ ಟ್ರೇ ಮೆತ್ತಗಾಗುತ್ತಿತ್ತು, ನನಗೆ ಅದಕ್ಕೆ ದಾರಿ ಕಂಡಿರಲಿಲ್ಲ. ಅವರು ಮಾವಿನ ಮರದ ಕೆಳಗೆ ನೆಲದಲ್ಲೇ ಗುಳಿ ತೋಡಿಸಿ, ಸಿಮೆಂಟು ಬಳಿಸಿದ್ದಾರೆ. ಮೊನ್ನೆ ಫೋಟೋ ಕಳಿಸಿದ್ದರು. ಎಣಿಸಿದೆ, 30 ಮಣೆ ಇವೆ.