ಧ್ರುವ ಅಡಿಕೆ ಮರದ ಮರೆಯಲ್ಲಿ: ನಮ್ಮೂರಿಗೆ ಎಂಥ ಟೆಲಿಸ್ಕೋಪ್ ಬೇಕು?

"ಮಾಷ್ಟ್ರೇ, ಮಗಳಿಗೆ ಟೆಲಿಸ್ಕೋಪ್ ಬೇಕಂತೆ. ಎಷ್ಟು ಪಟ್ಟು ದೊಡ್ಡ ಮಾಡುವಂಥದ್ದು ತೆಗೆಯಲಿ?"

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಅಡಿಕೆ ಕೊಟ್ಟು ಬರುತ್ತಿದ್ದ ಪರಿಚಯದವರೊಬ್ಬರು ದಾರಿಯಲ್ಲೇ ನಿಲ್ಲಿಸಿ ಕೇಳಿದರು. ಫೋನಿನಲ್ಲಿ ಚಿತ್ರವನ್ನೂ ತೋರಿಸಿದರು. ಸಪೂರ ಕೊಳವೆ, ಕೊಕ್ಕರೆ ಕಾಲಿನಂಥ ಸ್ಟ್ಯಾಂಡು, ಪೆಟ್ಟಿಗೆಯ ಮೇಲೆ ಶನಿಯ ಬಣ್ಣದ ಪಟ, ಅದರಡಿ ದಪ್ಪಕ್ಷರದಲ್ಲಿ '675 ಪಟ್ಟು'.

"ಪಟ್ಟು ಬಿಡಿ ಮಾರಾಯ್ರೇ, ಕಾಲು ನೋಡಿ" ಎಂದೆ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ಅಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಿ ಎಷ್ಟು ಅಗಲ?

ಟೆಲಿಸ್ಕೋಪಿನ ಮೊದಲ ಕೆಲಸ ಬೆಳಕು ಹಿಡಿಯುವುದು, ದೊಡ್ಡದು ಮಾಡುವುದು ಆಮೇಲೆ. ಮಾಡಿನ ನೀರಿಗೆ ಚೊಂಬು ಇಟ್ಟರೆ ಎಷ್ಟು ಸಿಕ್ಕೀತು, ಹಂಡೆ ಇಟ್ಟರೆ ಎಷ್ಟು ಸಿಕ್ಕೀತು, ಅಷ್ಟೇ ಲೆಕ್ಕ. ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲಕ್ಕೆ ತೆರೆಯುತ್ತದೆ. 150 ಮಿ.ಮೀ., ಅಂದರೆ ಆರಿಂಚಿನ ಕನ್ನಡಿ ಅದಕ್ಕಿಂತ 450 ಪಟ್ಟಿಗೂ ಹೆಚ್ಚು ಬೆಳಕನ್ನು ಒಟ್ಟುಮಾಡುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದದ್ದು ಕನ್ನಡಿಯ ಅಥವಾ ಮುಂದಿನ ಮಸೂರದ ವ್ಯಾಸ.

'ಪಟ್ಟು' ಎಂಬುದು ಬರೀ ಭಾಗಾಕಾರ. ಟೆಲಿಸ್ಕೋಪಿನ ನಾಭಿದೂರವನ್ನು (ಕನ್ನಡಿ ಅಥವಾ ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗದ ತನಕದ ದೂರ) ಕಣ್ಣಿಡುವ ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆ. 1200 ಮಿ.ಮೀ. ನಾಭಿದೂರದ ಟೆಲಿಸ್ಕೋಪಿಗೆ 25 ಮಿ.ಮೀ. ಐಪೀಸ್ ಹಾಕಿದರೆ 48 ಪಟ್ಟು, 10 ಮಿ.ಮೀ.ನದು ಹಾಕಿದರೆ 120 ಪಟ್ಟು. ಅಗ್ಗದ ಐಪೀಸಿಗೆ ಇನ್ನೊಂದು ಮಸೂರ ಪೇರಿಸಿ 675 ಮಾಡಲು ಯಾರಿಗೂ ಕಷ್ಟವಿಲ್ಲ. ಆದರೆ ವ್ಯಾಸದ ಪ್ರತಿ ಮಿ.ಮೀ.ಗೆ ಎರಡು ಪಟ್ಟು, ಅದೇ ಕೊನೆ. 60 ಮಿ.ಮೀ. ಕೊಳವೆಗೆ 120. ಅದನ್ನು ದಾಟಿದರೆ ಗುರುಗ್ರಹ ಕಾಣುವುದು ಗಂಜಿ ತಿಳಿಯಲ್ಲಿ ಬಿದ್ದ ಬಲ್ಬಿನಂತೆ. ದೊಡ್ಡ ಟೆಲಿಸ್ಕೋಪಿನಲ್ಲೂ ನಮ್ಮ ತೇವದ ಗಾಳಿ 200ರ ಮೇಲೆ ಬಿಡುವ ರಾತ್ರಿಗಳು ಕಡಿಮೆ.

ಮೋಸಹೋಗುವ ಇನ್ನೊಂದು ಜಾಗವಿದೆ. ಕನ್ನಡಿಯ ಟೆಲಿಸ್ಕೋಪಿನಲ್ಲಿ ಕೊಳವೆಯ ಉದ್ದ ಹೆಚ್ಚುಕಡಿಮೆ ನಾಭಿದೂರದಷ್ಟೇ ಇರಬೇಕು. ಪೆಟ್ಟಿಗೆಯಲ್ಲಿ '114 ಮಿ.ಮೀ., ನಾಭಿದೂರ 1000 ಮಿ.ಮೀ.' ಎಂದಿದ್ದು ಕೊಳವೆ ಮಾತ್ರ ಒಂದೂವರೆ ಅಡಿ ಇದ್ದರೆ, ಐಪೀಸಿನ ಬುಡದಲ್ಲಿ ಒಂದು ಮಸೂರ ಅಡಗಿಸಿ ನಾಭಿದೂರ ಎಳೆದಿದ್ದಾರೆ ಎಂದರ್ಥ. ಅದರ ಕನ್ನಡಿಗಳನ್ನು ನೇರಮಾಡುವುದು ಹೊಸಬರ ಕೈಗೆ ಹತ್ತುವ ಕೆಲಸವಲ್ಲ. ಬೆಳಕನ್ನು ಒಳಗೇ ಮಡಚುವ ಮಾಕ್ಸುಟೊವ್ ಜಾತಿಯವು ಗಿಡ್ಡವಾಗಿಯೂ ಒಳ್ಳೆಯವೇ, ಅವುಗಳ ಮಾತು ಬೇರೆ.

ಅಂದಹಾಗೆ, ಇನ್ನೂ ಏನೂ ಕೊಂಡಿಲ್ಲವಾದರೆ ಮೊದಲು ಒಂದು 10×50, ಅಂದರೆ ಹತ್ತು ಪಟ್ಟಿನ, 50 ಮಿ.ಮೀ. ಮಸೂರದ ಬೈನಾಕ್ಯುಲರ್ ತೆಗೆದುಕೊಳ್ಳಿ. ಒಂದು ಚಳಿಗಾಲ ಅಂಗಳದಲ್ಲಿ ಕುರ್ಚಿ ಒರಗಿಸಿ ಕೃತ್ತಿಕೆ, ಮಹಾವ್ಯಾಧನ ಕತ್ತಿಯ ಮಸುಕು ಮೋಡ, ಪುಷ್ಯದ ಗುಂಪು ನೋಡಿ. ಆಸೆ ಆಮೇಲೂ ಉಳಿದರೆ ಟೆಲಿಸ್ಕೋಪು. ಬೈನಾಕ್ಯುಲರ್ ಆಗಲೂ ಕೆಲಸಕ್ಕೆ ಬರುತ್ತದೆ.

ಕಾಲಿನ ಕತೆ

ನನ್ನ ಮೊದಲ ಟೆಲಿಸ್ಕೋಪ್ ಐದಿಂಚಿನದು, ಇಕ್ವಟೋರಿಯಲ್ ಮೌಂಟಿನ (ಕೊಳವೆಯನ್ನು ಹೊತ್ತು ತಿರುಗಿಸುವ ಒಂದು ಬಗೆಯ ಏರ್ಪಾಡಿನ) ಮೇಲೆ ಕೂತಿತ್ತು. ಭೂಮಿ ತಿರುಗುವ ಅಕ್ಷಕ್ಕೆ ಮೌಂಟಿನ ಒಂದು ಅಕ್ಷವನ್ನು ಸಮಾನಾಂತರ ಮಾಡಿಬಿಟ್ಟರೆ, ಆಮೇಲೆ ಒಂದೇ ತಿರುಪನ್ನು ನಿಧಾನಕ್ಕೆ ತಿರುಗಿಸುತ್ತ ನಕ್ಷತ್ರವನ್ನು ಹಿಂಬಾಲಿಸಬಹುದು. ಜಾಣ ಏರ್ಪಾಡು. ಕೈಪಿಡಿಯಲ್ಲಿ ಬರೆದಿತ್ತು: 'ಅಕ್ಷವನ್ನು ಧ್ರುವನಕ್ಷತ್ರಕ್ಕೆ ಗುರಿಯಿಡಿ.'

ಧ್ರುವ ಎಲ್ಲಿ? ಊರಿನ ಅಕ್ಷಾಂಶ ಎಷ್ಟೋ ಧ್ರುವ ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತಾನೆ. ಕೈಪಿಡಿ ಬರೆದವರ ಊರಲ್ಲಿ ಅವನು ಆಕಾಶದ ಅರ್ಧ ಏರಿ ನಿಂತಿರಬೇಕು. ಕಾಸರಗೋಡಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಕೈ ನೀಡಿ ಮುಷ್ಟಿ ಹಿಡಿದರೆ ಹತ್ತು ಡಿಗ್ರಿ, ಅದರ ಮೇಲೊಂದು ಬೆರಳು. ಅಷ್ಟೇ ಎತ್ತರ. ಐವತ್ತಡಿ ಎತ್ತರದ ಅಡಿಕೆ ಮರ ಇನ್ನೂರಡಿ ದೂರದಲ್ಲಿದ್ದರೂ ಅವನನ್ನು ಮುಚ್ಚಿಬಿಡುತ್ತದೆ. ನಮ್ಮ ಮನೆಯ ಬಡಗು ದಿಕ್ಕಿಗೆ ತೋಟ ಇರುವುದು ಮೂವತ್ತಡಿಯಲ್ಲಿ. ಮಂಜೇಶ್ವರ, ಉಪ್ಪಳದ ಕಡೆಯವರಿಗೆ ಮರ ಇಲ್ಲದಿದ್ದರೂ ಮಂಗಳೂರಿನ ಬೆಳಕಿನ ಮಬ್ಬು ಅದೇ ದಿಕ್ಕಿಗೆ.

ಸರಿ, ದಿಕ್ಸೂಚಿ ಹಿಡಿದು ಅಂದಾಜಿಗೆ ಇಡೋಣ ಎಂದರೆ ಮೌಂಟು ಅಷ್ಟು ಕೆಳಗೆ ಬಾಗಲು ಒಪ್ಪಲಿಲ್ಲ. ಒತ್ತಾಯದಿಂದ ಬಾಗಿಸಿದೆ. ಸಮತೋಲಕ್ಕೆ ಕಟ್ಟಿದ ಗುಂಡಿನ ಸರಳು ತಿರುಗುವಾಗ ಸ್ಟ್ಯಾಂಡಿನ ಮುಂಗಾಲಿಗೆ ಟಣ್ ಎಂದು ಬಡಿಯಿತು. ನಡು ಆಕಾಶದಲ್ಲಿದ್ದ ಗುರು ಹಾಗೆಯೇ ಜಾರಿಹೋದ. ಮಾರಿದವರಿಗೆ ಫೋನು ಮಾಡಿದರೆ, "ನೀವು ಇನ್ನೂ ಸ್ವಲ್ಪ ಉತ್ತರಕ್ಕೆ ಇದ್ದರೆ ಸರಿಯಾಗ್ತದೆ" ಅಂದರು. ಮನೆ ಎತ್ತಿಕೊಂಡು ಹೋಗಲಿಕ್ಕೆ ಆಗ್ತದಾ?

ಇಕ್ವಟೋರಿಯಲ್ ಕೆಟ್ಟದ್ದೆಂದು ಅರ್ಥವಲ್ಲ. ನಮ್ಮ ಹನ್ನೆರಡೂವರೆ ಡಿಗ್ರಿಯ ಆಚೀಚೆಯಲ್ಲೇ, ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರಿನಲ್ಲಿ, 1986ರಿಂದ 2.34 ಮೀಟರ್ ಕನ್ನಡಿಯ ವೇಣು ಬಾಪ್ಪು ಟೆಲಿಸ್ಕೋಪ್ ಇಂಥದೇ ಏರ್ಪಾಡಿನ ಮೇಲೆ ನಿಂತಿದೆ. ಅದರ ಕೆಳಗೆ ಕಾಂಕ್ರೀಟು, ಉಕ್ಕು ಉಂಟು. ನಮ್ಮದು ಅಂಗಳ. ಗಂಟೆಗಟ್ಟಲೆ ಫೋಟೊ ಹಿಡಿಯುವ ಹುಚ್ಚು ಹತ್ತಿದ ಮೇಲೆ ಅದರ ಯೋಚನೆ ಮಾಡಿದರಾಯಿತು.

ಹಾಗಾದರೆ ನೋಡುವವನಿಗೆ ಯಾವುದು? ಡಾಬ್ಸೋನಿಯನ್. ಈ ಹೆಸರಿನ ಹಿಂದಿರುವ ಜಾನ್ ಡಾಬ್ಸನ್ 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದವರು. 1944ರಿಂದ 1967ರ ತನಕ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಮಠದ ಸನ್ಯಾಸಿ. ಸನ್ಯಾಸಿಯ ಕೈಯಲ್ಲಿ ದುಡ್ಡೆಲ್ಲಿ? ಹಡಗಿನ ಕಿಟಕಿಯ ಹಳೆಯ ದಪ್ಪ ಗಾಜನ್ನು ತಿಕ್ಕಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ಡಿನ ಪೆಟ್ಟಿಗೆಗಳಲ್ಲಿ ಟೆಲಿಸ್ಕೋಪ್ ಕಟ್ಟಿ ಬೀದಿಬದಿಯಲ್ಲಿಟ್ಟು ಹೋಗಿಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. ಅವರ ಮೌಂಟು ಎಂದರೆ ನೆಲದ ಮೇಲೊಂದು ತಿರುಗುವ ಹಲಗೆ, ಅದರ ಮೇಲೆ ಕೊಳವೆಯನ್ನು ತೊಟ್ಟಿಲಂತೆ ಹೊತ್ತ ಪೆಟ್ಟಿಗೆ. ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ, ಎರಡೇ ಚಲನೆ. ಸ್ಟ್ಯಾಂಡಿಗೆ ಹೋಗುವ ದುಡ್ಡು ಕನ್ನಡಿಗೆ ಹೋಗುತ್ತದೆ. ಧ್ರುವ ಕಾಣಲಿ ಬಿಡಲಿ, ಲೆಕ್ಕಕ್ಕಿಲ್ಲ.

ಆರಿಂಚು ಕನ್ನಡಿ, 1200 ಮಿ.ಮೀ. ನಾಭಿದೂರದ ಡಾಬ್ಸೋನಿಯನ್ ಮನೆಮಂದಿಗೆಲ್ಲ ಸಾಕು. ಎಂಟಿಂಚು ಇನ್ನೂ ಚೆಂದ, ಆದರೆ ಉಪ್ಪರಿಗೆಯಿಂದ ಅಂಗಳಕ್ಕೆ ಇಳಿಸುವ ಸೊಂಟ ಯಾರದ್ದು ಎಂದು ಕೊಳ್ಳುವ ಮೊದಲೇ ತೀರ್ಮಾನಿಸಿ. ಅಡಿಪೆಟ್ಟಿಗೆ ಹುಡಿ ಒತ್ತಿದ ಹಲಗೆಯದ್ದಾಗಿದ್ದರೆ ಜಾಗ್ರತೆ. ನನ್ನದು ಮಳೆಗಾಲದ ಒಂದು ಆಟಿ ತಿಂಗಳು ಚಾವಡಿಯ ಮೂಲೆಯಲ್ಲಿದ್ದು, ಅಂಚಿನಲ್ಲಿ ನೀರು ಕುಡಿದು ಉದ್ದಿನ ವಡೆಯ ಹಾಗೆ ಉಬ್ಬಿತು. ಆಚಾರಿಯವರು ಮುಕ್ಕಾಲಿಂಚಿನ ಪ್ಲೈವುಡ್ಡಿನಲ್ಲಿ ಅದೇ ಅಳತೆಗೆ ಹೊಸದು ಮಾಡಿಕೊಟ್ಟರು. ಅಡಿಯ ಹಲಗೆಗೆ ಮೂರು ಟೆಫ್ಲಾನ್ ತುಂಡು, ಅದರ ಮೇಲೆ ತಿರುಗುವ ಮುಖಕ್ಕೆ ಸನ್‌ಮೈಕಾ. ಬೆರಳು ತಾಗಿಸಿದರೆ ಸರಿಯಬೇಕು, ಬಿಟ್ಟರೆ ಅಲ್ಲೇ ನಿಲ್ಲಬೇಕು. ಅದು ಸರಿಯಾದ ಬಿಗಿ.

ಮುಕ್ಕಾಲಿಯ ಸ್ಟ್ಯಾಂಡೇ ಕೈಗೆ ಬಂದಿದ್ದರೆ ಒಂದು ಪರೀಕ್ಷೆ ಮಾಡಿ. ನಕ್ಷತ್ರ ನೋಡುತ್ತ ಕೊಳವೆಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ. ನಡುಕ ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಸರಿ. ಐದಾರು ಸೆಕೆಂಡಾದರೂ ನಿಲ್ಲದಿದ್ದರೆ ಕಾಲುಗಳನ್ನು ಎಳೆಯದೆ ಗಿಡ್ಡ ಮಾಡಿ, ನಡುವೆ ಹೊಯಿಗೆ ತುಂಬಿದ ಚೀಲ ತೂಗಿಸಿ, ಕುರ್ಚಿಯಲ್ಲಿ ಕೂತು ನೋಡಿ.

ಹಗಲೇ ಮಾಡಬೇಕಾದ ಕೆಲಸ

ಹೊಸಬರು ಸೋಲುವುದು ಇಲ್ಲಿ. ಕೊಳವೆಯ ಬದಿಯಲ್ಲಿ ಫೈಂಡರ್ ಎಂಬ ಪುಟ್ಟ ದುರ್ಬೀನು ಅಥವಾ ಕೆಂಪು ಚುಕ್ಕೆಯ ಗಾಜು ಇರುತ್ತದೆ. ಅದೂ ದೊಡ್ಡ ಕೊಳವೆಯೂ ಒಂದೇ ಕಡೆ ನೋಡದಿದ್ದರೆ ಚಂದ್ರನೂ ಸಿಗುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ, ಸೂರ್ಯನಿಗೆ ಬೆನ್ನು ಹಾಕಿ, 25 ಮಿ.ಮೀ. ಐಪೀಸಿನಲ್ಲಿ ಒಂದು ಕಿಲೋಮೀಟರ್ ಆಚೆಯ ಮೊಬೈಲ್ ಟವರಿನ ತುದಿ ಹುಡುಕಿ. ಟವರು ತಲೆಕೆಳಗಾಗಿ ಕಾಣುತ್ತದೆ, ಗಾಬರಿ ಬೇಡ, ಕನ್ನಡಿಯ ಟೆಲಿಸ್ಕೋಪಿನ ಗುಣವೇ ಅದು. ತುದಿಯನ್ನು ನಡುವಿಗೆ ತಂದು, ಕೊಳವೆ ಅಲುಗದ ಹಾಗೆ ಫೈಂಡರಿನ ತಿರುಪುಗಳನ್ನು ತಿರುಗಿಸಿ ಅದೇ ತುದಿಯನ್ನು ಅಲ್ಲಿಯೂ ನಡುವಿಗೆ ತನ್ನಿ. 10 ಮಿ.ಮೀ. ಹಾಕಿ ಮತ್ತೊಮ್ಮೆ. ಹತ್ತು ನಿಮಿಷದ ಕೆಲಸ. ಕೊಳವೆ ನೆರೆಮನೆಯ ಕಡೆ ತಿರುಗಿದ್ದರೆ ಅವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಸೂರ್ಯನ ಕಡೆಗೆ ಮಾತ್ರ ಬರಿಗೊಳವೆ ತಿರುಗಿಸಲೇಬಾರದು, ಕ್ಷಣಮಾತ್ರಕ್ಕೂ. ಹಳೆಯ ಪೆಟ್ಟಿಗೆಗಳಲ್ಲಿ ಐಪೀಸಿಗೆ ತಿರುಪುವ ಕಪ್ಪು ಗಾಜಿನ 'ಸೂರ್ಯ ಫಿಲ್ಟರ್' ಸಿಕ್ಕಿದರೆ ಬಿಸಾಡಿ. ಒಟ್ಟಾದ ಬಿಸಿಲಿಗೆ ಅದು ಸಿಡಿದರೆ ಕಣ್ಣು ಹೋಯಿತು. ಫಿಲ್ಟರ್ ಕೊಳವೆಯ ಬಾಯಿಗೇ, ಬೆಳಕು ಒಳಹೋಗುವ ಮೊದಲೇ ಇರಬೇಕು. 2019ರ ಡಿಸೆಂಬರ್ 26ರಂದು ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾತ್ರಿ

ಟೆರೇಸಿಗೆ ಹತ್ತಬೇಡಿ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರ ತನಕವೂ ಬಿಸಿಗಾಳಿ ಬಿಡುತ್ತದೆ, ಅದರೊಳಗಿಂದ ಗ್ರಹ ಕುದಿಯುವ ನೀರಿನಡಿಯ ನಾಣ್ಯದಂತೆ ಅಲುಗುತ್ತದೆ. ಮಣ್ಣಿನ ಅಂಗಳ, ಹುಲ್ಲಿನ ಬಯಲು ಒಳ್ಳೆಯದು. ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ ಮೇಲೆ ದಿಗಂತ ಸುತ್ತಲೂ ತೆರೆದಿರುತ್ತದೆ, ಆದರೆ ಅಲ್ಲಿನ ಮುರಕಲ್ಲು ಪಾರೆಯೂ ತಣಿಯಲು ಹೊತ್ತು ಬೇಕು. ಅಲ್ಲಿಗೆ ನಡೆಯುವಾಗ ಬೆಳಕು ಧಾರಾಳ ಬಿಡಿ, ಕಾಲಿಗೆ ಬೂಟು ಇರಲಿ, ವಿಷದ ಕನ್ನಡಿ ಹಾವಿಗೆ ನಿಮ್ಮ ಖಗೋಳಾಸಕ್ತಿ ಗೊತ್ತಿಲ್ಲ. ಜಾಗ ತಲುಪಿದ ಮೇಲೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ. ಕಣ್ಣು ಕತ್ತಲಿಗೆ ಪಳಗಲು ಅರ್ಧ ಗಂಟೆ ಬೇಕು. ಕನ್ನಡಿ ತಣಿಯಲಿಕ್ಕೂ ಸುಮಾರು ಅಷ್ಟೇ.

ಚಂದ್ರನಿಂದ ಶುರುಮಾಡಿ, ಹುಣ್ಣಿಮೆಯಂದು ಮಾತ್ರ ಬೇಡ. ಅವತ್ತು ಅವನು ಸುಣ್ಣ ಬಳಿದ ಗೋಡೆ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗೆ ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಕುಳಿಗಳ ನೆರಳು ಉದ್ದ ಬೀಳುತ್ತದೆ. 48 ಪಟ್ಟಿನಲ್ಲಿ ಅದನ್ನು ಕಂಡವರು ಒಮ್ಮೆ ತಲೆ ಎತ್ತಿ ಬರಿಗಣ್ಣಲ್ಲಿ ಚಂದ್ರನನ್ನು ನೋಡಿ, ಮತ್ತೆ ಬಗ್ಗುತ್ತಾರೆ. ಎಲ್ಲರೂ ಹಾಗೆಯೇ.

ಗುರುವನ್ನು 120 ಪಟ್ಟಿಗೆ ಏರಿಸಿದರೆ ಎರಡು ಪಟ್ಟೆ, ಸಾಲಾಗಿ ನಾಲ್ಕು ಚಂದ್ರರು. ಆದರೆ ನೋಟದ ಒಂದಂಚಿನಿಂದ ಇನ್ನೊಂದಂಚಿಗೆ ಸುಮಾರು ನೂರು ಸೆಕೆಂಡಿನಲ್ಲಿ ಗುರು ದಾಟಿಹೋಗುತ್ತಾನೆ, ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದಲ್ಲ. ಅದಕ್ಕೆ ಗ್ರಹವನ್ನು ನಡುವಿಗಲ್ಲ, ಅದು ಒಳಬರುವ ಅಂಚಿಗೆ ತಂದು ನಿಲ್ಲಿಸಿ, ಮುಂದಿನವರಿಗೆ ಜಾಗ ಬಿಡಿ. ಅವರು ಕಣ್ಣಿಡುವಷ್ಟರಲ್ಲಿ ಅದೇ ನಡುವಿಗೆ ಬಂದಿರುತ್ತದೆ. ಮಕ್ಕಳು ಐಪೀಸನ್ನು ಕೈಯಲ್ಲಿ ಹಿಡಿದೇ ಹಿಡಿಯುತ್ತಾರೆ. ಪಕ್ಕದಲ್ಲೊಂದು ಸ್ಟೂಲಿಟ್ಟು "ಕೈ ಸ್ಟೂಲಿನ ಮೇಲೆ" ಅನ್ನಿ. ನಲವತ್ತು ಮಕ್ಕಳ ಸಾಲಿನಲ್ಲಿ ಕಲಿತ ಉಪಾಯ ಇದು.

ಶನಿಯ ಬಳೆ 48 ಪಟ್ಟಿಗೇ ಕಾಣುತ್ತದೆ. 2025ರ ಮಾರ್ಚಿನಲ್ಲಿ ಬಳೆ ನಮಗೆ ಅಂಚು ತೋರಿಸಿ ನಿಂತಿತ್ತು, ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುವ ಕಾಲ.

ಡಾಬ್ಸೋನಿಯನ್ನಿಗೆ ಒಂದು ಊನ ಉಂಟು. ನೆತ್ತಿಯ ಮೇಲಿರುವುದನ್ನು ಹಿಂಬಾಲಿಸಲು ಪೆಟ್ಟಿಗೆಯನ್ನು ಗರಗರ ಸುತ್ತಿಸಬೇಕಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಗ್ರಹಗಳು ನೆತ್ತಿಯ ಆಸುಪಾಸಿನಲ್ಲೇ ಹಾಯುವುದರಿಂದ ಇದು ಆಗಾಗ ಕಾಡುತ್ತದೆ. ಒಂದು ಗಂಟೆ ಮೊದಲು ಅಥವಾ ಆಮೇಲೆ ನೋಡಿದರೆ ಮುಗಿಯಿತು.

ಉತ್ತರದಲ್ಲಿ ಕಳೆದುಕೊಂಡದ್ದನ್ನು ದಕ್ಷಿಣದಲ್ಲಿ ಬಡ್ಡಿ ಸಮೇತ ಪಡೆಯುತ್ತೇವೆ. ಮೇ ತಿಂಗಳ ಮೊದಲರ್ಧದಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ತೆಂಕು ದಿಗಂತದಿಂದ ಮೂರು ಮುಷ್ಟಿ ಮೇಲೆ ಬೈನಾಕ್ಯುಲರಿನಲ್ಲಿ ಒಂದು ಮಂಕು ಉಂಡೆ ಹುಡುಕಿ. ಒಮೇಗಾ ಸೆಂಟಾರಿ. ಡಾಬ್ಸೋನಿಯನ್ ತಿರುಗಿಸಿ 10 ಮಿ.ಮೀ. ಹಾಕಿದರೆ ಉಂಡೆ ಒಡೆದು ರವೆ ಚೆಲ್ಲಿದಂತೆ ನಕ್ಷತ್ರಗಳು. ಲಂಡನ್ನಿನಲ್ಲಿ ಅದು ದಿಗಂತದ ಮೇಲೆ ಬರುವುದೇ ಇಲ್ಲ.

ಪತ್ತನಾಜೆಯ ನಂತರ

ನಮ್ಮ ಶತ್ರು ತೇವ. ಚಳಿಗಾಲದ ಇಬ್ಬನಿಗೆ ಫೈಂಡರಿನ ಗಾಜು ಮೊದಲು ಮಂಜಾಗುತ್ತದೆ, ಮಸೂರದ ಟೆಲಿಸ್ಕೋಪಾದರೆ ಮುಂದಿನ ಗಾಜೂ ಹಾಗೆಯೇ. ಬಾಯಿಗೆ ಒಂದಡಿ ಮುಂಚಾಚಿದ ಸುರುಳಿ ಕಟ್ಟಿದರೆ ತಡೆಯುತ್ತದೆ. ನಾನು ಅಡಿಕೆ ಹಾಳೆ ಸುತ್ತಿ ನೋಡಿದ್ದೇನೆ. ಇಬ್ಬನಿ ಕುಡಿದು ಮೆತ್ತಗಾಗಿ ಬಾಯಿಗೇ ಮಗುಚಿತು. ಹಳೆಯ ಯೋಗದ ಚಾಪೆಯ ತುಂಡು ಮೇಲು. ಮಂಜಾದ ಗಾಜನ್ನು ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ.

ಯಕ್ಷಗಾನ ಮೇಳಗಳು ಮಳೆಗಾಲದ ಮೊದಲು, ಮೇ ಕೊನೆಗೆ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹಾಗೆ ಟೆಲಿಸ್ಕೋಪನ್ನೂ ಆ ಹೊತ್ತಿಗೆ ಒಳಗಿಡುವುದು. ಐಪೀಸುಗಳು, ಫೈಂಡರ್ ಬಿಗಿ ಮುಚ್ಚಳದ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಲಿ. ಹರಳಿನ ಬಣ್ಣ ಬದಲಾದರೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಬೆಂಕಿಗೆ ಒಣಗಿಸಿ ಮತ್ತೆ ಹಾಕಿ. ಕೊಳವೆಯ ಎರಡೂ ಬಾಯಿ ಮುಚ್ಚಿ, ನೆಲ ತಾಗದಂತೆ ಮಂಚದ ಮೇಲಿಡಿ. ಸೋಣ ತಿಂಗಳಲ್ಲಿ ಬಿಸಿಲು ಬಿದ್ದ ಮೊದಲ ದಿನ ಹೊರತೆಗೆದು ಐಪೀಸನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಜೇಡನ ಬಲೆಯ ಎಳೆಯಂಥದ್ದು ಕಂಡರೆ ಅದು ಬೂಸರು, ಬಾಕಿ ಐಪೀಸುಗಳ ಡಬ್ಬದಿಂದ ಅದನ್ನು ಆಗಲೇ ಬೇರೆ ಮಾಡಿ.